ದ್ವೀಪದ ನಾಗಿ: ಅಭಿನೇತ್ರಿ ಸೌಂದರ್ಯ ಮತ್ತು ಶರಾವತಿಯ ಮುಳುಗಡೆ ಸೀಮೆ

ಶರಾವತಿ ನದಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲವು, ಅಡಿಕೆ ತೋಟ, ಗದ್ದೆ, ಕಾಡು, ಗುಡಿ, ಮನೆಗಳ ಸಮೇತ ನೀರಿನಡಿ ಸೇರಿತು. ಎತ್ತರದ ಜಾಗಗಳಲ್ಲಿ ಉಳಿದವರ ಪಾಡು ಬೇರೆಯೇ ಆಯಿತು. ಸುತ್ತ ನೀರು ಏರಿದಂತೆ ಅವರ ಊರುಗಳು ನಡುಗಡ್ಡೆಗಳಾದವು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು ಈ ಬದಲಾವಣೆಯನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜ (1937-2025) ಅವರು 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳಲ್ಲಿ ಈ ಅನುಭವಕ್ಕೆ ಸಾಹಿತ್ಯದ ರೂಪ ನೀಡಿದರು. 'ದ್ವೀಪ'ವನ್ನು ತೆರೆಗೆ ತಂದವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿ. ಹೀಗೆ ಮೂಲ ಕೃತಿಕಾರರೂ ನಿರ್ದೇಶಕರೂ ಒಂದೇ ಸೀಮೆಯವರು. ಆದರೆ ಈ ಚಿತ್ರದ ನಿರ್ಮಾಪಕಿ ಹಾಗೂ ನಾಯಕಿ ಮಲೆನಾಡಿನವರಲ್ಲ. ಮಳೆ ಕಡಿಮೆಯಾದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನವರು.

ಸೌಂದರ್ಯ ಅವರ ಹುಟ್ಟುಹೆಸರು ಸೌಮ್ಯ. ತಂದೆ ಕೆ. ಎಸ್. ಸತ್ಯನಾರಾಯಣ ಅವರು ಕನ್ನಡ ಚಿತ್ರರಂಗದಲ್ಲಿ ಲೇಖಕರೂ ನಿರ್ಮಾಪಕರೂ ಆಗಿದ್ದವರು. ವೈದ್ಯಕೀಯ ಶಿಕ್ಷಣವನ್ನು ನಡುವಿನಲ್ಲೇ ಬಿಟ್ಟು ಚಿತ್ರರಂಗಕ್ಕೆ ಬಂದ ಸೌಂದರ್ಯ 1992ರಲ್ಲಿ 'ಗಂಧರ್ವ'ದ ಮೂಲಕ ಪ್ರೇಕ್ಷಕರಿಗೆ ಪರಿಚಿತರಾದರು. ಮುಂದಿನ ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳ ಸಂಖ್ಯೆ ನೂರನ್ನು ಮೀರುತ್ತದೆ. ಅವುಗಳಲ್ಲಿ ಹೆಚ್ಚಿನವು ತೆಲುಗಿನವು. 1995ರ 'ಅಮ್ಮೋರು' ಚಿತ್ರವು ಅವರನ್ನು ಆ ಭಾಷೆಯ ಅಗ್ರಶ್ರೇಣಿಗೆ ಒಯ್ದಿತು. ತಮಿಳಿನಲ್ಲಿ ರಜನೀಕಾಂತ್ ಅವರೊಡನೆ 'ಅರುಣಾಚಲಂ' (1997) ಮತ್ತು 'ಪಡೆಯಪ್ಪ' (1999), ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರೊಡನೆ 'ಸೂರ್ಯವಂಶಂ' (1999) ಬಂದವು. ಚಿತ್ರಮಂದಿರದಲ್ಲಿ ದೊಡ್ಡ ಯಶಸ್ಸು ಕಾಣದ 'ಸೂರ್ಯವಂಶಂ' ದೂರದರ್ಶನ ವಾಹಿನಿಯ ನಿರಂತರ ಮರುಪ್ರಸಾರದಿಂದ ಮನೆಮಾತಾಯಿತು ಎಂಬುದು ಕುತೂಹಲದ ಸಂಗತಿ. ಕನ್ನಡದಲ್ಲಿ 'ದೋಣಿ ಸಾಗಲಿ', 'ಆರ್ಯಭಟ', 'ಶ್ರೀ ಮಂಜುನಾಥ' ಮುಂತಾದವು ಬಂದರೂ ತಾಯ್ನುಡಿಯಲ್ಲಿ ಅವರಿಗೆ ದೊರೆತ ಅವಕಾಶಗಳು ಅವರ ಶಕ್ತಿಗೆ ತಕ್ಕಷ್ಟಿರಲಿಲ್ಲ ಎಂದೇ ಹೇಳಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ 'ದ್ವೀಪ'ದ ನಿರ್ಮಾಣವನ್ನು ಗಮನಿಸಬೇಕು. ತೆಲುಗಿನ ದುಬಾರಿ ಚಿತ್ರಗಳ ನಾಯಕಿಯೊಬ್ಬರು ಹಾಡು ಕುಣಿತಗಳಿಲ್ಲದ, ನಾಲ್ಕಾರು ಪಾತ್ರಗಳ ಚಿತ್ರವೊಂದಕ್ಕೆ ತಾವೇ ಹಣ ಹೂಡಿದರು. ಕಾಸರವಳ್ಳಿಯವರ ಚಿತ್ರದಲ್ಲಿ ನಟಿಯೇ ನಿರ್ಮಾಪಕಿಯಾದದ್ದು ಇದೇ ಮೊದಲಲ್ಲ. 1997ರ 'ತಾಯಿ ಸಾಹೇಬ'ವನ್ನು ಜಯಮಾಲಾ ಅವರು ನಿರ್ಮಿಸಿ ನಟಿಸಿದ್ದರು. ಎರಡೂ ಚಿತ್ರಗಳಿಗೆ ಸ್ವರ್ಣಕಮಲ ಬಂದುದನ್ನು ನೋಡಿದರೆ, ಕನ್ನಡದ ಕಲಾತ್ಮಕ ಚಿತ್ರಗಳ ಬೆಳವಣಿಗೆಯಲ್ಲಿ ಜನಪ್ರಿಯ ಚಿತ್ರರಂಗದ ನಟಿಯರು ವಹಿಸಿದ ಹೊಣೆ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯವೆಂಬುದು ಸ್ಪಷ್ಟವಾಗುತ್ತದೆ. ಚಿತ್ರವಿಮರ್ಶೆಯು ಸಾಮಾನ್ಯವಾಗಿ ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತದೆ.

ಕಥೆ ಸರಳವಾದುದು. ಸೀತಾಪರ್ವತದ ಗುಡಿಯ ಪೂಜೆಯನ್ನು ನಂಬಿ ಬದುಕಿದ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಅಣೆಕಟ್ಟಿನ ನೀರು ಏರುತ್ತಿದೆ; ಊರಿನವರು ಪರಿಹಾರ ಪಡೆದು ಹೊರಟಿದ್ದಾರೆ. ಇವರಿಗೆ ದೊರೆಯುವ ಪರಿಹಾರವಾದರೋ ಅಲ್ಪ, ಏಕೆಂದರೆ ದೇವರ ಸೇವೆಗೆ ಬೆಲೆ ಕಟ್ಟುವ ಕಲಮು ಸರ್ಕಾರದ ಕಾಗದದಲ್ಲಿಲ್ಲ. ದುಗ್ಗಜ್ಜನಾಗಿ ಎಂ. ವಿ. ವಾಸುದೇವರಾವ್ ನಟಿಸಿದ್ದಾರೆ, 'ಚೋಮನ ದುಡಿ'ಯ ಚೋಮನನ್ನು ಕಂಡವರಿಗೆ ಆ ಮುಖ ಮರೆಯುವಂಥದಲ್ಲ. ಗಣಪನಾಗಿ ಅವಿನಾಶ್, ನಾಗಿಯ ತವರೂರಿನ ಕಡೆಯಿಂದ ಬರುವ ಕೃಷ್ಣನಾಗಿ ಹರೀಶ್ ರಾಜ್ ಇದ್ದಾರೆ. ದುಗ್ಗಜ್ಜ ಇಲ್ಲವಾದ ಮೇಲೆ ಗಣಪ ಕುಗ್ಗುತ್ತಾನೆ. ಕೃಷ್ಣನ ಲವಲವಿಕೆ ಅವನಲ್ಲಿ ಸಂಶಯ ಹುಟ್ಟಿಸುತ್ತದೆ. ಕೃಷ್ಣ ಹೊರಟುಹೋದ ನಂತರ ನೀರು, ಕತ್ತಲೆ, ಕಾಡುಮೃಗಗಳ ಭಯಗಳ ನಡುವೆ ಬೆಂಕಿ ಆರದಂತೆ ಕಾದು ಮನೆಯನ್ನು ಉಳಿಸುವವಳು ನಾಗಿಯೇ. ನೀರು ಇಳಿದಾಗ ಗಣಪ ಅದರ ಶ್ರೇಯಸ್ಸನ್ನೆಲ್ಲ ದೈವಕ್ಕೆ ಸಲ್ಲಿಸುತ್ತಾನೆ. ನಾಗಿಗೆ ಏನೂ ಉಳಿಯುವುದಿಲ್ಲ.

ಈ ಪಾತ್ರದಲ್ಲಿ ಸೌಂದರ್ಯ ಅವರು ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಮುಖ್ಯ. ಜನಪ್ರಿಯ ಚಿತ್ರದ ನಾಯಕಿಗೆ ಅಭ್ಯಾಸವಾದ ಕ್ಯಾಮೆರಾ ಎದುರಿನ ಅರಿವನ್ನು ಅವರು ಕಳಚಿಟ್ಟಿದ್ದಾರೆ. ಒದ್ದೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಲೆ ಹೊತ್ತಿಸುವುದು, ಮಳೆಯಲ್ಲಿ ಅಂಗಳ ದಾಟುವುದು, ಗಂಡನ ಮಾತಿಗೆ ಉತ್ತರ ಕೊಡದೆ ಕೆಲಸ ಮುಂದುವರಿಸುವುದು ಮೊದಲಾದ ಸಣ್ಣ ಕ್ರಿಯೆಗಳಿಂದಲೇ ಪಾತ್ರ ಬೆಳೆಯುತ್ತದೆ. ಕೃಷ್ಣನೊಡನೆ ನಗುವ ನಾಗಿಯೂ ಗಣಪನೆದುರು ಮೌನವಾಗುವ ನಾಗಿಯೂ ಒಬ್ಬಳೇ ಎಂಬ ನಂಬಿಕೆ ಪ್ರೇಕ್ಷಕನಿಗೆ ಎಲ್ಲಿಯೂ ಸಡಿಲವಾಗುವುದಿಲ್ಲ. ಎಚ್. ಎಂ. ರಾಮಚಂದ್ರ ಅವರ ಛಾಯಾಗ್ರಹಣದ ಮಸುಕು ಬೆಳಕು ಈ ಸಂಯಮಕ್ಕೆ ಒದಗಿಬಂದಿದೆ. ಕೊನೆಯ ಭಾಗದಲ್ಲಿ, ತನ್ನ ದುಡಿಮೆಗೆ ಮನ್ನಣೆಯಿಲ್ಲವೆಂದು ತಿಳಿದ ಹೆಣ್ಣಿನ ನೋಟದಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಾಗಿ ಕಾಣುತ್ತದೆ. ಅಳುವ ದೃಶ್ಯಗಳಿಗೆ ಹೆಸರಾದ ನಟಿಯಿಂದ ಇಂಥ ಮಿತವನ್ನು ಅಂದಿನ ಪ್ರೇಕ್ಷಕರು ನಿರೀಕ್ಷಿಸಿರಲಾರರು.

2001ರ ಸಾಲಿನ 49ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ದ್ವೀಪ'ವು ಅತ್ಯುತ್ತಮ ಕಥಾಚಿತ್ರವೆಂದು ಆಯ್ಕೆಯಾಯಿತು. ಛಾಯಾಗ್ರಹಣಕ್ಕೂ ಪ್ರಶಸ್ತಿ ಬಂದಿತು. ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲವು ನಿರ್ದೇಶಕರೊಡನೆ ನಿರ್ಮಾಪಕರಿಗೂ ಸಲ್ಲುವುದರಿಂದ ಸೌಂದರ್ಯ ಅವರಿಗೆ ರಾಷ್ಟ್ರಮಟ್ಟದ ಗೌರವ ದೊರೆತದ್ದು ನಿರ್ಮಾಪಕಿಯಾಗಿ. ಅವರ ಅಭಿನಯವನ್ನು ಗುರುತಿಸಿದ್ದು ಕರ್ನಾಟಕ ಸರ್ಕಾರದ ರಾಜ್ಯ ಪ್ರಶಸ್ತಿ.

2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕಾಗಿ ಆಂಧ್ರಪ್ರದೇಶದ ಕರೀಂನಗರಕ್ಕೆ ಹೊರಟಿದ್ದ ಸಣ್ಣ ವಿಮಾನವು ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಅಪಘಾತಕ್ಕೀಡಾಗಿ, ಸೌಂದರ್ಯ ಮತ್ತು ಅವರ ಸೋದರ ಅಮರನಾಥ್ ನಿಧನ ಹೊಂದಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ತೆರೆಕಂಡ 'ಆಪ್ತಮಿತ್ರ' ಅಪಾರ ಜನಪ್ರಿಯತೆ ಗಳಿಸಿತು. ಅದರ ನಾಗವಲ್ಲಿಯನ್ನು ಕನ್ನಡ ನಾಡು ಇಂದಿಗೂ ನೆನೆಯುತ್ತದೆ. ನಾಗಿಯನ್ನು ಬಲ್ಲವರು ಕಡಿಮೆ. ಮುಳುಗಡೆಯ ಸಾಹಿತ್ಯವನ್ನು ಓದುವವರು, ಚಲನಚಿತ್ರ ಸಮಾಜಗಳ ಪ್ರದರ್ಶನಗಳಿಗೆ ಹೋಗುವವರು, ಮತ್ತು ಶರಾವತಿಯ ಹಿನ್ನೀರಿನ ದಂಡೆಯಲ್ಲಿ ಅಂಥದೇ ಮಳೆಗಾಲಗಳನ್ನು ಕಳೆದ ಕುಟುಂಬಗಳು.