ವಸ್ತುವಿನಿಂದ ಪಾಠಕ್ಕೆ: ಸಾಹಿತ್ಯ ಸಂಗ್ರಹಾಲಯದ ಭೇಟಿಯನ್ನು ಯೋಜಿಸುವ ಬಗೆ

ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳು ಬರೆಯುವ ಕ್ಷೇತ್ರಭೇಟಿಯ ವರದಿಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ವಿಜಯಪುರದ ಗೋಲಗುಂಬಜದ ಮುಂದಿರುವ ವಸ್ತುಸಂಗ್ರಹಾಲಯದ ವರದಿಯೂ ಕುಪ್ಪಳಿಯ ಕವಿಮನೆಯ ವರದಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಇಂಥಿಂಥ ವಸ್ತುಗಳಿವೆ, ಚೆನ್ನಾಗಿ ಕಾಪಾಡಿದ್ದಾರೆ, ಎಲ್ಲರೂ ಸಂತೋಷಪಟ್ಟರು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಆದರೆ ಇವೆರಡೂ ಒಂದೇ ಬಗೆಯ ಸ್ಥಳಗಳಲ್ಲ. ಈ ವ್ಯತ್ಯಾಸವನ್ನು ಅರಿತರೆ ಪಾಠಯೋಜನೆಯೇ ಬದಲಾಗುತ್ತದೆ.

ಶಾಸನ ನೋಡಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಶಾಸನವೇ ಎದುರಿಗಿರುತ್ತದೆ. ಸಾಹಿತ್ಯದ ಸಂಗ್ರಹಾಲಯದಲ್ಲಿ ಹಾಗಲ್ಲ. ನಾವು ಯಾವುದಕ್ಕಾಗಿ ಹೋಗಿರುತ್ತೇವೆಯೋ ಆ ಕೃತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲ. ಪುಸ್ತಕವನ್ನು ಇಡಬಹುದು, ಆದರೆ ಅಲ್ಲಿ ಅದನ್ನು ತಿರುವಿ ಓದಲಾಗದು. ಹಾಗಾದರೆ ಅಲ್ಲಿ ಕಲಿಯುವುದೇನು?

ದೂರದ ಒಂದು ಉದಾಹರಣೆ ನೋಡೋಣ. ಐರ್ಲೆಂಡಿನ ಸಾಹಿತ್ಯಕ್ಕೇ ಮೀಸಲಾದ ಸಂಗ್ರಹಾಲಯವೊಂದು 2019ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾಯಿತು. ಜೇಮ್ಸ್ ಜಾಯ್ಸ್ ಓದಿದ ಕಾಲೇಜಿನ ಹಳೆಯ ಕಟ್ಟಡದಲ್ಲೇ ಅದಿದೆ. ಅವನ ‘ಯುಲಿಸಿಸ್’ ಕಾದಂಬರಿಯ 1ನೆಯ ಸಂಖ್ಯೆಯ ಪ್ರತಿ ಅಲ್ಲಿನ ಮುಖ್ಯ ಆಕರ್ಷಣೆ. ಕಾದಂಬರಿ ಓದಲು ಆ ಪ್ರತಿ ಬೇಕಿಲ್ಲ. ಯಾವ ಗ್ರಂಥಾಲಯದಲ್ಲಾದರೂ ಸಿಕ್ಕೀತು. ಆದರೆ ಆ ಪ್ರತಿ ಬೇರೊಂದು ಸಂಗತಿ ಹೇಳುತ್ತದೆ. ಬೇರೆ ಪ್ರಕಾಶಕರು ಮುಟ್ಟಲು ಹಿಂಜರಿದ ಆ ಕೃತಿಯನ್ನು 1922ರಲ್ಲಿ ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಸಿಲ್ವಿಯಾ ಬೀಚ್ ಎಂಬಾಕೆ ಪ್ರಕಟಿಸಿದಳು. ಮೊದಲ ಪ್ರತಿಯನ್ನು ಜಾಯ್ಸ್, ತನಗೆ ವರ್ಷಗಟ್ಟಲೆ ಹಣದ ಆಸರೆ ಕೊಟ್ಟ ಹ್ಯಾರಿಯೆಟ್ ಶಾ ವೀವರ್ ಅವರಿಗೆ ಕೊಟ್ಟನು. ಕೃತಿಯೊಂದು ಯಾರ ಕೈ ಹಿಡಿದು ನಮ್ಮವರೆಗೆ ನಡೆದುಬಂತು ಎಂಬುದನ್ನು ವಸ್ತು ತಿಳಿಸುತ್ತದೆ. ಕೃತಿಯಲ್ಲಿ ಏನಿದೆ ಎಂಬುದನ್ನು ಮಾತ್ರ ಓದಿಯೇ ತಿಳಿಯಬೇಕು.

ಆದ್ದರಿಂದ ಪ್ರತಿ ಗುಂಪಿಗೆ ಒಂದೇ ವಸ್ತುವನ್ನು ಕೊಟ್ಟು ಮೂರು ಪ್ರಶ್ನೆ ಕೇಳಬೇಕೆಂದು ನಾನು ಸೂಚಿಸುತ್ತೇನೆ. ಇದು ಯಾರ ಕೈಯ ವಸ್ತು? ನಾವು ಓದಿದ ಕೃತಿಯಲ್ಲಿ ಇದರ ನೆರಳು ಎಲ್ಲಿದೆ? ಕೃತಿಯಲ್ಲಿದ್ದೂ ಇಲ್ಲಿ ಕಾಣದಿರುವುದು ಏನು?

ಮೂರನೆಯ ಪ್ರಶ್ನೆಯೇ ಹೆಚ್ಚು ಫಲ ಕೊಡುತ್ತದೆ. ಕುವೆಂಪು ಅವರು ಬಾಲ್ಯ ಕಳೆದ ಕುಪ್ಪಳಿಯ ತೊಟ್ಟಿಮನೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳೊಂದಿಗೆ ನೋಡಿದಾಗ ಇದು ಸ್ಪಷ್ಟವಾಯಿತು. ಮರದ ಕಂಬಗಳು, ಒಳ ಅಂಗಳ, ದೊಡ್ಡ ಕುಟುಂಬದ ಪಾತ್ರೆಪಗಡಗಳು ಎಲ್ಲವೂ ಅಲ್ಲಿವೆ. ಆದರೆ ‘ಮಲೆಗಳಲ್ಲಿ ಮದುಮಗಳು’ ಓದಿ ಬಂದಿದ್ದ ಒಂದು ಗುಂಪು, ಗುತ್ತಿ, ಐತ, ಪೀಂಚಲು ಇಂಥವರ ಬಿಡಾರ ಎಲ್ಲಿ ಎಂದು ಕೇಳಿತು. ಮನೆಯೊಳಗೆ ಅದು ಸಿಗುವುದಿಲ್ಲ. ದುಡಿದವರ ಗುಡಿಸಲು ಕಾದಂಬರಿಯಲ್ಲಿ ಉಳಿದಿದೆ. ಕೃತಿ ಓದದೆ ಬಂದ ಗುಂಪಿಗೆ ಈ ಪ್ರಶ್ನೆ ಹೊಳೆಯುವ ಸಂಭವವೇ ಇರಲಿಲ್ಲ.

ಇನ್ನು ನಮ್ಮ ಊರುಗಳ ಮಾತು. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಿಂದ ಮಕ್ಕಳನ್ನು ಕುಪ್ಪಳಿಗೆ ಕರೆದೊಯ್ಯುವುದು ಎಲ್ಲರಿಗೂ ಆಗುವ ಮಾತಲ್ಲ. ಮುಧೋಳವೋ ರನ್ನನ ಊರು. ಪಕ್ಕದ ಬೆಳಗಲಿಗಂತೂ ಅವನ ಹೆಸರೇ ಅಂಟಿಕೊಂಡಿದೆ. ಆದರೆ ಸಾವಿರ ವರ್ಷದ ಹಿಂದಿನ ಕವಿಯ ಕನ್ನಡಕ, ಕೋಟು, ಕುರ್ಚಿ ಎಲ್ಲಿಂದ ಬರಬೇಕು? ಬೀಳಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ‘ಛಲಮನೆ ಮೆರೆವೆಂ’ ಪಾಠದ ವೀಕ್ಷಣೆಗೆ ಕುಳಿತಿದ್ದೆ. ಹುಡುಗಿಯೊಬ್ಬಳು ಎದ್ದು ನಿಂತು ಪ್ರಶಿಕ್ಷಣಾರ್ಥಿಯನ್ನು ಕೇಳಿದಳು: “ಅಕ್ಕಾರ, ರನ್ನ ನಮ್ಮಾಂವ ಆದ್ರ, ಅಂವಾ ಬರದದ್ದು ನಮಗ್ಯಾಕ ತಿಳಿವಲ್ದು?” ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ರನ್ನ ಮಕ್ಕಳಿಗೆ ಊರಿನ ಹೆಮ್ಮೆಯಾಗಿ ಉಳಿಯುತ್ತಾನೆಯೇ ಹೊರತು ಕವಿಯಾಗಿ ಉಳಿಯುವುದಿಲ್ಲ.

ಉತ್ತರಕ್ಕಾಗಿ ತರಗತಿಯಲ್ಲೇ ಸಣ್ಣ ಸಂಗ್ರಹಾಲಯ ಕಟ್ಟಬಹುದು. ನಾಲ್ಕು ವಸ್ತು ಸಾಕು.

ಮೊದಲನೆಯದು ಬಳೆ. ತಾನು ಬಳೆಗಾರರ ಮನೆತನದವನೆಂದು ರನ್ನನೇ ಹೇಳಿಕೊಂಡಿದ್ದಾನೆ. ಬಳೆ ಅಂಗಡಿಯ, ಮಗ್ಗದ ಮನೆಯ ಮಕ್ಕಳಿಗೆ ಈ ಸಂಗತಿ ಬೇಗ ತಟ್ಟುತ್ತದೆ.

ಎರಡನೆಯದು ಕರ್ನಾಟಕದ ನಕಾಶೆ. ಮುಧೋಳದಿಂದ ಶ್ರವಣಬೆಳಗೊಳಕ್ಕೆ ಮಕ್ಕಳು ದಾರ ಎಳೆಯಲಿ. ಇಂದಿನ ರಸ್ತೆಯಲ್ಲೂ 400 ಕಿಲೋಮೀಟರಿಗೆ ಮಿಕ್ಕಿದ ದಾರಿ. ವಿದ್ಯೆಗಾಗಿ ಅವನು ಅಷ್ಟು ದೂರ ಹೋದನು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದ ಅಕ್ಷರಗಳಿವೆ. ಅವು ರನ್ನನವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಮೂರನೆಯದು ಸಾವಿರ ಎಂಬ ಅಂಕಿ ಬರೆದ ಚೀಟಿ. 993ರಲ್ಲಿ ‘ಅಜಿತಪುರಾಣ’ ಬರೆಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಒಂದು ಪುಟವನ್ನು ನಕಲು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮಕ್ಕಳೇ ಬರೆದು ನೋಡಲಿ. ಆಗ ಪ್ಯಾರಿಸ್ಸಿನ ಪುಸ್ತಕದಂಗಡಿಯ ಕಥೆಯನ್ನೂ ಹೇಳಬಹುದು.

ನಾಲ್ಕನೆಯದು ಓಲೆಗರಿ. ನಿಜವಾದ ಗರಿ ಸಿಗದಿದ್ದರೆ ಉದ್ದನೆಯ ಕಾಗದದ ಪಟ್ಟಿ ನಡೆದೀತು. ಗರಿಯಲ್ಲಿ ಪದಗಳ ನಡುವೆ ತೆರಪು ಬಿಡುತ್ತಿರಲಿಲ್ಲ. ‘ನಾಳೆಬನಹಟ್ಟಿಗೆಹೋಗಿಸೀರೆತರೋಣ’ ಎಂದು ಪಟ್ಟಿಯ ಮೇಲೆ ಬರೆದು ಬಿಡಿಸಲು ಹೇಳಿ, ನಗುತ್ತಲೇ ಬಿಡಿಸುತ್ತಾರೆ. ಮುಂದೆ ಪಾಠದ ಶೀರ್ಷಿಕೆಗೆ ಬನ್ನಿ. ‘ಛಲಮನೆ’ ಎಂದರೆ ಛಲವನ್ನೇ. ‘ಮೆರೆವೆಂ’ ಎಂದರೆ ಮೆರೆಯುವೆನು. ‘ಮರಮಂ’ ಎಂಬುದು ‘ಮರವನ್ನು’ ಆದಂತೆಯೇ ಇಲ್ಲಿಯೂ ಮಕಾರ ವಕಾರವಾಗಿದೆ. ಇಂಥ ನಾಲ್ಕೈದು ಬದಲಾವಣೆಗಳನ್ನು ಕಪ್ಪುಹಲಗೆಯ ಮೇಲೆ ಪಟ್ಟಿಮಾಡಿದರೆ ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಭಾಷೆ ನಮ್ಮದೇ, ನಡುವೆ ಉಡುಪು ಬದಲಾಗಿದೆ.

ಉಳಿದರ್ಧ ಪದ್ಯದಲ್ಲಿದೆ. ಎರಡು ಅವಧಿಗಳ ಯೋಜನೆಯಾದರೆ ವಸ್ತುಗಳಿಗೆ ಮೊದಲ ಅವಧಿಯ ಅರ್ಧ ಭಾಗ ಮೀರಬಾರದು. ಉಳಿದ ಹೊತ್ತು ಶರಶಯ್ಯೆಯ ಭೀಷ್ಮನೆದುರು ಸಂಧಿಯನ್ನು ಒಲ್ಲೆನೆನ್ನುವ ದುರ್ಯೋಧನನ ಮಾತನ್ನು ಗಟ್ಟಿಯಾಗಿ ಓದಲು, ಓದಿಸಲು ಮೀಸಲಿರಲಿ.

ಮೌಲ್ಯಮಾಪನದಲ್ಲೂ ಇದೇ ಕ್ರಮ ಬೇಕು. ‘ನೀನು ನೋಡಿದ ಐದು ವಸ್ತುಗಳನ್ನು ಹೆಸರಿಸು’ ಎಂಬ ಪ್ರಶ್ನೆ ನೆನಪನ್ನು ಅಳೆಯುತ್ತದೆ, ಅಷ್ಟೇ. ‘ಯಾವ ವಸ್ತುವನ್ನು ನೋಡಿದ ಮೇಲೆ ಪದ್ಯದ ಯಾವ ಮಾತು ನಿನಗೆ ತಿಳಿಯಿತು?’ ಎಂದು ಕೇಳಿ. ಇದಕ್ಕೆ ಮಗು ಒಂದು ವಾಕ್ಯ ಬರೆದರೂ ಭೇಟಿ ಸಾರ್ಥಕ, ಅದು ಕುಪ್ಪಳಿಗಾಗಲಿ, ತರಗತಿಯ ಮೂಲೆಯ ಮೇಜಿಗಾಗಲಿ.