ಹೆರಿಗೆ ಡಾಕ್ಟ್ರ ಹತ್ರ ಹೈಸ್ಕೂಲ್ ಹುಡುಗಿಗೆ ಎಂತ ಕೆಲಸ?

ಬೆಳ್ಮಣ್: ನಮ್ಮ ಕಡೆ ಸ್ತ್ರೀರೋಗ ತಜ್ಞೆ ಅಂದ್ರೆ ಈಗಲೂ ‘ಹೆರಿಗೆ ಡಾಕ್ಟ್ರು’. ಒಂಬತ್ತನೇ ಕ್ಲಾಸಿನ ಮಗಳನ್ನು ಅವರ ಹತ್ರ ಕರ್ಕೊಂಡು ಹೊರಟರೆ ಕಾರ್ಕಳ ಬಸ್ಸಿನಲ್ಲಿ ಸಿಕ್ಕಿದವರೆಲ್ಲ "ಎಂತಾಯ್ತು?" ಅಂತ ಕೇಳ್ತಾರೆ. ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ತಾಯಂದಿರು, ಮದುವೆ ಆದ ಮೇಲೆ ನೋಡುವ ಅಂತ ಬಿಡ್ತಾರೆ. ಆದರೆ ಕಾಯಿಲೆ ಬರುವ ಮೊದಲೇ ತಿಳಿಸಿ ಹೇಳುವುದೂ ಈ ಡಾಕ್ಟ್ರ ಕೆಲಸವೇ.

ಮೊದಲು ರಕ್ತದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ಹಾಗೆ ಲೆಕ್ಕ. ಓದಲು ಕೂತರೆ ನಿದ್ದೆ, ಮೆಟ್ಟಿಲು ಹತ್ತಿದರೆ ಏದುಸಿರು. ನಾವು ಸೋಮಾರಿ ಅಂತ ಬೈತೇವೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣದ ಮಾತ್ರೆ ಇದಕ್ಕೇ. ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರುವಂಥದ್ದಲ್ಲ. ಊಟ ಆದ ಮೇಲೆ ತಗೊಳ್ಳಬೇಕು, ಒಟ್ಟಿಗೆ ಚಾ ಕುಡಿಯಬಾರದು. ಚಾ ಕುಡಿದರೆ ಕಬ್ಬಿಣ ಮೈಗೆ ಹಿಡಿಯುವುದಿಲ್ಲ.

ಮುಟ್ಟಾದಾಗ ಎಷ್ಟು ದಿನ, ಎಷ್ಟು ಪ್ಯಾಡ್ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಡಾಕ್ಟ್ರು ಕೇಳ್ತಾರೆ. ಶುರುವಿನ ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಸಾಮಾನ್ಯ. ಆದರೆ ಏಳು ದಿನ ದಾಟಿದರೆ, ಒಂದೆರಡು ಗಂಟೆಗೇ ಪ್ಯಾಡ್ ತುಂಬಿದರೆ, ಶಾಲೆ ತಪ್ಪಿಸುವಷ್ಟು ಹೊಟ್ಟೆನೋವು ಇದ್ದರೆ, ಮೂರು ತಿಂಗಳಾದರೂ ಬಾರದಿದ್ದರೆ ಅಥವಾ 15 ತುಂಬಿದರೂ ದೊಡ್ಡವಳಾಗದಿದ್ದರೆ ತೋರಿಸಲೇಬೇಕು. ಒಳಗಿನ ಪರೀಕ್ಷೆ ಮಾಡ್ತಾರೆ ಅನ್ನುವ ಹೆದರಿಕೆ ಬೇಡ. ಹೆಚ್ಚಿನವರಿಗೆ ಮಾತುಕತೆ, ರಕ್ತ ಪರೀಕ್ಷೆ, ಬೇಕಾದರೆ ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್, ಇಷ್ಟೇ. ಅಮ್ಮ ಐದು ನಿಮಿಷ ಹೊರಗೆ ಕೂತರೆ ಹುಡುಗಿ ಇನ್ನೂ ಸರಿ ಮಾತಾಡ್ತಾಳೆ.

ಇನ್ನೊಂದುಂಟು, ಮೆಡಿಕಲ್‌ನವರೂ ಓದಬೇಕು. ನೇಮ, ಬ್ರಹ್ಮಕಲಶ, ಮದುವೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆ ಕೇಳಿ ಬರುವವರು ಇದ್ದೇ ಇರ್ತಾರೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಗುಟ್ಟಾಗಿ ಕೊಡುವ ಕೆಲವರು ಈ ಮಾತ್ರೆಯನ್ನು ಮಾತ್ರ ಏನೂ ಕೇಳದೆ ಕೊಟ್ಟುಬಿಡ್ತಾರೆ. ಅದು ಹಾರ್ಮೋನ್ ಮಾರ್ರೆ, ಪೆಪ್ಪರ್‌ಮಿಂಟ್ ಅಲ್ಲ. ಲಿವರ್ ತೊಂದರೆ ಇದ್ದವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಅಪಾಯ. ಡಾಕ್ಟ್ರ ಚೀಟಿ ಬೇಕೇ ಬೇಕು.

ಕೊನೆಗೆ ಲಸಿಕೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಹೆಚ್ಚುಕಮ್ಮಿ ಎಲ್ಲ ಕಡೆ ಎಚ್‌ಪಿವಿ ವೈರಸ್ ಕಾರಣ. ಅದರ ಲಸಿಕೆ 9ರಿಂದ 14 ವರ್ಷದೊಳಗೆ ಹಾಕಿಸಿದರೆ ಹೆಚ್ಚು ಪ್ರಯೋಜನ. ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ಗೆ 2022ರಲ್ಲೇ ಅನುಮತಿ ಸಿಕ್ಕಿದೆ. ಮದುವೆವರೆಗೆ ಕಾದರೆ ಈ ವಯಸ್ಸು ದಾಟಿ ಹೋಗಿರುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಉಚಿತ ‘ಸ್ನೇಹ ಕ್ಲಿನಿಕ್’ ವ್ಯವಸ್ಥೆ ಉಂಟು. ಹತ್ತಿರದ್ದು ಎಲ್ಲಿ, ಯಾವ ದಿನ ಅಂತ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ.