ಒಂದೇ ಮನೆ, ಎರಡು ಉದ್ಯಮ: ಪತ್ನಿಯ ಗೃಹೋದ್ಯಮದ ಜೊತೆಗೆ ಪತಿಯ ಕ್ಯಾಮೆರಾ

ಹಗಲೊಂದು ಕೆಲಸ, ಬಿಡುವಿನಲ್ಲಿ ಇನ್ನೊಂದು ಸಾಧನೆ ಎಂಬುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹಿರಿಯರ ಬೆವರಿನ ಮೇಲೆ ನಮ್ಮ ಇಂದಿನ ನೆಮ್ಮದಿ ನಿಂತಿದೆ. ಈಗ ಆ ಪರಂಪರೆ ಬೇರೊಂದು ರೂಪ ತಾಳಿದೆ. ದಾದರ್, ಮಾಟುಂಗಾ, ಮಾಹಿಮ್ ಪರಿಸರದ ಮನೆಗಳಲ್ಲಿ ಪತ್ನಿ ಚಕ್ಕುಲಿ, ಉಂಡೆ, ಹೋಳಿಗೆಗಳ ಸಣ್ಣ ಉದ್ಯಮ ನಡೆಸುತ್ತಿದ್ದರೆ, ಪತಿ ಕಚೇರಿಯ ಕೆಲಸ ಮುಗಿಸಿ ವಾರಾಂತ್ಯದಲ್ಲಿ ಮದುವೆ, ಉಪನಯನ, ರಂಗಪ್ರವೇಶ, ಯಕ್ಷಗಾನಗಳ ಛಾಯಾಚಿತ್ರ ತೆಗೆಯಲು ಹೊರಡುವುದುಂಟು. ಕೆಲವು ಮನೆಗಳಲ್ಲಿ ಕ್ಯಾಮೆರಾ ಪತ್ನಿಯ ಕೈಯಲ್ಲಿ, ಅಂಗಡಿ ಪತಿಯದು.

ಇಂತಹ ದಂಪತಿಗಳು ಸಾಲಕ್ಕಾಗಿಯೋ ಸಲಹೆಗಾಗಿಯೋ ಬ್ಯಾಂಕಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, "ಯಾವ ಕ್ಯಾಮೆರಾಕ್ಕೆ ಎಷ್ಟು ಸಾಲ ಸಿಗುತ್ತದೆ?" ಎಂಬುದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳಿವೆ: ಹೊತ್ತು ಯಾರದು? ಹಣ ಯಾರದು? ಹೆಸರು ಯಾರದು? ಒಂದೇ ಸೂರಿನಡಿಯ ಎರಡು ಉದ್ಯಮಗಳು ಒಂದಕ್ಕೊಂದು ಊರುಗೋಲಾಗುವುದೂ ಒಂದನ್ನೊಂದು ನುಂಗುವುದೂ ಈ ಮೂರರ ಲೆಕ್ಕವನ್ನು ಅವಲಂಬಿಸಿದೆ.

ದಾದರಿನಲ್ಲೇ ಇರುವ ಪಾಠ

ದಾದರ್ ಪೂರ್ವದ ದಾದಾಸಾಹೇಬ್ ಫಾಲ್ಕೆ ರಸ್ತೆಯಲ್ಲಿ ನಾವೆಲ್ಲ ಓಡಾಡಿದವರೇ. ಧುಂಡಿರಾಜ್ ಗೋವಿಂದ ಫಾಲ್ಕೆ (1870-1944) ಚಲನಚಿತ್ರಕ್ಕೆ ಬರುವ ಮೊದಲು ಗೋಧ್ರಾದಲ್ಲಿ ಛಾಯಾಚಿತ್ರದ ಸ್ಟುಡಿಯೋ ನಡೆಸಿದ್ದರು. ಪುರಾತತ್ತ್ವ ಇಲಾಖೆಯಲ್ಲಿ ಕೆಲಸ ಮಾಡಿದ್ದರು. ಬಳಿಕ ಮುದ್ರಣೋದ್ಯಮದಲ್ಲಿ ತೊಡಗಿದ್ದರು. ವಿಮಾ ಪಾಲಿಸಿಗಳನ್ನು ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ಮತ್ತು ಯಂತ್ರಗಳಿಗೆ ವ್ಯವಸ್ಥೆ ಮಾಡಿಕೊಂಡು ಬಂದರು. ದಾದರಿನ ಬಂಗಲೆಯಲ್ಲಿ ತಯಾರಾದ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರಗಾಂವ್‌ನ ಕಾರೋನೇಶನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು.

ಈ ಸಾಹಸದಲ್ಲಿ ಪತ್ನಿ ಸರಸ್ವತಿಬಾಯಿಯವರ ಪಾಲು ಅಡುಗೆಮನೆಗೆ ಸೀಮಿತವಾಗಿರಲಿಲ್ಲ. ಆಗ ಫಿಲ್ಮಿನ ಸುರುಳಿಯ ಅಂಚಿಗೆ ರಂಧ್ರಗಳನ್ನು ನಾವೇ ಕೊರೆದುಕೊಳ್ಳಬೇಕಾಗಿತ್ತು. ಕತ್ತಲಕೋಣೆಯಲ್ಲಿ ಕುಳಿತು ಆ ಸೂಕ್ಷ್ಮ ಕೆಲಸವನ್ನು ಮಾಡಿದವರು, ಫಿಲ್ಮ್ ಸಂಸ್ಕರಿಸುವುದನ್ನು ಕಲಿತವರು, ಹಣದ ಮುಗ್ಗಟ್ಟಿನಲ್ಲಿ ಒಡವೆಗಳನ್ನು ಬಿಟ್ಟುಕೊಟ್ಟವರು ಅವರು. ಇದಲ್ಲದೆ ಚಿತ್ರತಂಡದವರಿಗೆಲ್ಲ ಊಟವನ್ನೂ ಮಾಡಿ ಬಡಿಸುತ್ತಿದ್ದರು. ಫಾಲ್ಕೆಯವರ ಹೆಸರಿನಲ್ಲಿ ರಸ್ತೆಯಿದೆ. 1969ರಿಂದ ಭಾರತೀಯ ಚಿತ್ರರಂಗದ ಅತ್ಯುನ್ನತ ಪ್ರಶಸ್ತಿಯಿದೆ. ಸರಸ್ವತಿಬಾಯಿಯವರ ಹೆಸರು ಎಷ್ಟು ಮಂದಿಗೆ ಗೊತ್ತು?

ಇದೇ ಮುಂಬಯಿಯಲ್ಲಿ ಇನ್ನೊಂದು ಉದಾಹರಣೆಯಿದೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಖ್ಯಾತರಾದ ಹೋಮಾಯಿ ವ್ಯಾರಾವಾಲಾ (1913-2012) ಕ್ಯಾಮೆರಾ ಹಿಡಿಯುವುದನ್ನು ಕಲಿತದ್ದು ಮಾಣೆಕ್‌ಶಾ ವ್ಯಾರಾವಾಲಾ ಅವರಿಂದ, ಮುಂದೆ ಅವರ ಪತಿಯಾದವರಿಂದ. ಮಾಣೆಕ್‌ಶಾ ಟೈಮ್ಸ್ ಆಫ್ ಇಂಡಿಯಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು ಬಿಡುವಿನಲ್ಲಿ ಛಾಯಾಗ್ರಹಣ ಮಾಡುತ್ತಿದ್ದವರು. ಹೋಮಾಯಿಯವರು ತೆಗೆದ ಮೊದಲ ವರ್ಷಗಳ ಚಿತ್ರಗಳು ಪ್ರಕಟವಾದದ್ದು ಪತಿಯ ಹೆಸರಿನಲ್ಲಿ. 1942ರಲ್ಲಿ ದಂಪತಿಗಳು ದೆಹಲಿಗೆ ಹೋದರು. ಹೋಮಾಯಿಯವರಿಗೆ ಪದ್ಮವಿಭೂಷಣ ಸಂದದ್ದು 2011ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ.

ಈ ಎರಡೂ ಸಂಸಾರಗಳಲ್ಲಿ ಪ್ರೀತಿಗಾಗಲಿ ಸಹಕಾರಕ್ಕಾಗಲಿ ಕೊರತೆಯಿರಲಿಲ್ಲ. ಆದರೆ ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿನೊಳಗೆ ಕರಗಿಹೋಯಿತು. ಇಂದು ನಮ್ಮ ಮನೆಗಳಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ಮೊದಲು ನೌಕರಿಯ ನಿಯಮ

ಬೇರೆಲ್ಲಕ್ಕೂ ಮೊದಲು, ನೌಕರಿಯಲ್ಲಿರುವವರು ತಮ್ಮ ಸೇವಾ ನಿಯಮಗಳನ್ನು ಓದಬೇಕು. ಕೇಂದ್ರ ಸರಕಾರಿ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳಂತೆ ಪೂರ್ವಾನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಕುಟುಂಬದ ಸದಸ್ಯರು ವ್ಯಾಪಾರ ನಡೆಸುತ್ತಿದ್ದರೆ ಅದನ್ನೂ ಇಲಾಖೆಗೆ ತಿಳಿಸಬೇಕು. ನನ್ನಂಥ ಬ್ಯಾಂಕ್ ನೌಕರರಿಗೂ ನಮ್ಮದೇ ಸೇವಾ ನಿಯಮಗಳ ಕಟ್ಟುಪಾಡುಗಳಿವೆ. ಖಾಸಗಿ ಕಂಪನಿಗಳ ನೇಮಕಾತಿ ಪತ್ರಗಳಲ್ಲಿಯೂ ಅನ್ಯ ಉದ್ಯೋಗವನ್ನು ನಿಷೇಧಿಸುವ ಷರತ್ತು ಇರುವುದುಂಟು. ಸಂಬಳದ ಕೆಲಸವನ್ನು ಪಣಕ್ಕಿಟ್ಟು ಉಪವೃತ್ತಿ ಹಿಡಿಯುವುದು ಜಾಣತನವಲ್ಲ. ಬರಹದಲ್ಲಿ ಅನುಮತಿ ಪಡೆದು ಅದರ ಪ್ರತಿಯನ್ನು ಜೋಪಾನವಾಗಿಡಿ.

ಹೊತ್ತು ಯಾರದು?

ಎರಡು ಉದ್ಯಮಗಳ ಹಂಗಾಮುಗಳು ಬೇರೆಬೇರೆಯಾಗಿದ್ದರೆ ಅದೊಂದು ಭಾಗ್ಯ. ಚಾತುರ್ಮಾಸ್ಯದಲ್ಲಿ ಮದುವೆಗಳು ಕಡಿಮೆ. ಆಗಲೇ ಗಣೇಶ ಚತುರ್ಥಿ, ನವರಾತ್ರಿ, ದೀಪಾವಳಿಗಳು ಸಾಲುಗಟ್ಟಿ ಬಂದು ತಿಂಡಿಗಳ ಬೇಡಿಕೆ ಏರುತ್ತದೆ. ದೀಪಾವಳಿಯ ಫರಾಳದ ಗಲಾಟೆ ಮುಗಿದು ತುಳಸಿ ವಿವಾಹ ಕಳೆದ ಮೇಲೆ ಮುಹೂರ್ತಗಳು ಆರಂಭವಾಗುತ್ತವೆ. ಹೀಗೆ ಒಂದರ ಬಿಡುವು ಇನ್ನೊಂದರ ಸುಗ್ಗಿಯಾಗುತ್ತದೆ. ಬದಲಿಗೆ ಪತ್ನಿಯದು ಮದುಮಗಳ ಅಲಂಕಾರವೋ ಹೂವಿನ ಮಂಟಪವೋ ಆಗಿದ್ದರೆ, ಗಿರಾಕಿ ಒಬ್ಬನೇ ಎಂಬ ಅನುಕೂಲವಿದ್ದರೂ ಇಬ್ಬರೂ ಒಂದೇ ದಿನ ನಸುಕಿನಲ್ಲಿ ಮನೆ ಬಿಡಬೇಕಾಗುತ್ತದೆ. ಆ ದಿನ ಮಕ್ಕಳನ್ನೂ ವೃದ್ಧ ತಂದೆತಾಯಿಯರನ್ನೂ ನೋಡಿಕೊಳ್ಳುವವರು ಯಾರೆಂದು ಮೊದಲೇ ನಿರ್ಧರಿಸಬೇಕು.

ಇನ್ನು ಚಿತ್ರ ತೆಗೆಯುವವರ ಹೊತ್ತು. ಸಮಾರಂಭದಲ್ಲಿ ಕಳೆದ ಗಂಟೆಗಳನ್ನಷ್ಟೇ ಎಣಿಸುವುದು ಸಾಮಾನ್ಯ ರೂಢಿ. ಮದುವೆಯೊಂದರಲ್ಲಿ 10 ಗಂಟೆ ನಿಂತು ತೆಗೆದ ಸಾವಿರಾರು ಚಿತ್ರಗಳಿಂದ 300ನ್ನು ಆರಿಸಿ, ಒಂದೊಂದನ್ನು ತಿದ್ದಲು ಮೂರು ನಿಮಿಷ ಹಿಡಿದರೂ 15 ಗಂಟೆ ಬೇಕು. ಗಿರಾಕಿಯೊಂದಿಗಿನ ಮಾತುಕತೆ, ಆಲ್ಬಮ್ಮಿನ ಓಡಾಟಗಳಿಗೆ ಇನ್ನು 3 ಗಂಟೆ ಸೇರಿಸಿದರೆ ಒಟ್ಟು 28 ಗಂಟೆ. ಈ 15 ಗಂಟೆಗಳು ಬರುವುದು ವಾರದ ರಾತ್ರಿಗಳಿಂದ. ಅದೇ ರಾತ್ರಿಗಳಲ್ಲಿ ಪತ್ನಿಗೆ ಪೊಟ್ಟಣ ಕಟ್ಟಲು, ಸಾಮಾನು ತರಲು ಒಂದು ಕೈ ಬೇಕಾಗಿದ್ದರೆ ಅದಕ್ಕೂ ಸಮಯ ಮೀಸಲಿರಬೇಕು. ಗೋಡೆಯ ಮೇಲೆ ಒಂದೇ ಪಂಚಾಂಗ, ಅದರಲ್ಲಿ ಇಬ್ಬರ ಕೆಲಸಗಳಿಗೂ ಬೇರೆಬೇರೆ ಬಣ್ಣದ ಗುರುತು: ಇಷ್ಟು ಸರಳ ವ್ಯವಸ್ಥೆಯೇ ಅನೇಕ ಮನಸ್ತಾಪಗಳನ್ನು ತಪ್ಪಿಸುತ್ತದೆ.

ಹಣ ಯಾರದು?

ಈಗ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಕ್ಯಾಮೆರಾ, ಎರಡು ಲೆನ್ಸ್, ಫ್ಲ್ಯಾಶ್ ಎಲ್ಲ ಸೇರಿ 2,40,000 ರೂಪಾಯಿ ಆಯಿತೆನ್ನಿ. ನಾಲ್ಕು ವರ್ಷ ಬಾಳಿಕೆಯೆಂದರೆ ವರ್ಷಕ್ಕೆ 60,000 ರೂಪಾಯಿ ಸವಕಳಿ. ವರ್ಷಕ್ಕೆ 24 ಸಮಾರಂಭಗಳು ಸಿಕ್ಕರೆ ಪ್ರತಿಯೊಂದರ ತಲೆಗೆ 2,500 ರೂಪಾಯಿ. ಗಿರಾಕಿ 15,000 ರೂಪಾಯಿ ಕೊಟ್ಟರೆ, ಅದರಲ್ಲಿ ಸವಕಳಿ 2,500, ಸಹಾಯಕನಿಗೆ 2,500, ಪ್ರಯಾಣಕ್ಕೆ 800, ಆಲ್ಬಮ್ಮಿಗೆ 4,000 ಕಳೆದು ಉಳಿಯುವುದು 5,200. ಅದನ್ನು 28 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು 185 ರೂಪಾಯಿ. ಸಹಾಯಕನ ಬದಲು ಪತ್ನಿಯೇ ಬೆಳಕಿನ ಛತ್ರಿ ಹಿಡಿದು ನಿಂತರೆ 2,500 ಉಳಿಯಿತೆಂದು ಹಿಗ್ಗುವಂತಿಲ್ಲ. ಆ ದಿನ ಅವರ ಉದ್ಯಮ ಕಳೆದುಕೊಂಡ ಗಳಿಕೆಯನ್ನು ಎಲ್ಲಿ ಬರೆದಿದ್ದೀರಿ?

ಆದ್ದರಿಂದ ಎರಡು ಉದ್ಯಮಗಳಿಗೆ ಎರಡು ಬ್ಯಾಂಕ್ ಖಾತೆ, ಎರಡು ಲೆಕ್ಕದ ಪುಸ್ತಕಗಳಿರಲಿ. ಮನೆಖರ್ಚಿನ ಜಂಟಿ ಖಾತೆ ಮೂರನೆಯದು. ಅದಕ್ಕೆ ಎರಡೂ ಕಡೆಯಿಂದ ನಿಶ್ಚಿತ ಮೊತ್ತ ಬರಲಿ. ಚಕ್ಕುಲಿಯ ಹಣದಿಂದ ಲೆನ್ಸ್ ಕೊಂಡರೆ ಅದನ್ನು ಸಾಲವೆಂದೇ ದಾಖಲಿಸಿ, ಕಂತಿನಲ್ಲಿ ಹಿಂದಿರುಗಿಸಿ. ಗಂಡ ಹೆಂಡಿರ ನಡುವೆ ಕಾಗದಪತ್ರವೇಕೆ ಎಂದು ನಗುವವರಿದ್ದಾರೆ. ಆದರೆ ಇದು ಅವಿಶ್ವಾಸದ ಮಾತಲ್ಲ, ಒಂದು ಉದ್ಯಮದ ನಷ್ಟ ಇನ್ನೊಂದರ ಲಾಭದ ಹಿಂದೆ ಅಡಗಿ ಕೂರದಂತೆ ನೋಡಿಕೊಳ್ಳುವ ಉಪಾಯ.

ಇದರಲ್ಲಿ ತೆರಿಗೆಯ ಸಂಗತಿಯೂ ಇದೆ. ಪ್ರತಿಫಲವಿಲ್ಲದೆ ಪತಿ ಪತ್ನಿಗೆ, ಅಥವಾ ಪತ್ನಿ ಪತಿಗೆ, ಕೊಟ್ಟ ಹಣವನ್ನು ಉದ್ಯಮದಲ್ಲಿ ತೊಡಗಿಸಿದರೆ, ಆ ಬಂಡವಾಳಕ್ಕೆ ಸಲ್ಲುವ ಆದಾಯವನ್ನು ಕೊಟ್ಟವರ ಆದಾಯದೊಂದಿಗೆ ಸೇರಿಸುವ ನಿಯಮ ಆದಾಯ ತೆರಿಗೆ ಕಾನೂನಿನಲ್ಲಿದೆ. ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿಲ್ಲದ ಸಂಗಾತಿಗೆ ತನ್ನ ಉದ್ಯಮದಿಂದ ಸಂಬಳ ಕೊಟ್ಟಂತೆ ತೋರಿಸಿದರೂ ಹೀಗೆಯೇ. ಬಡ್ಡಿ ಸಹಿತವಾದ, ಬ್ಯಾಂಕಿನ ಮೂಲಕ ಸಂದಾಯವಾದ ನಿಜವಾದ ಸಾಲಕ್ಕೆ ಈ ತೊಡಕಿಲ್ಲ. ಲೆಕ್ಕಪರಿಶೋಧಕರೊಬ್ಬರನ್ನು ಮೊದಲೇ ಕಾಣುವುದು ಲೇಸು.

ಜಿಎಸ್‌ಟಿಯ ಮಿತಿಯೂ ವ್ಯಕ್ತಿಗೆ ಸಂಬಂಧಿಸಿದ್ದು. ಮಹಾರಾಷ್ಟ್ರದಲ್ಲಿ ಛಾಯಾಗ್ರಹಣದಂತಹ ಸೇವೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದ ಮೇಲೆ ನೋಂದಣಿ ಕಡ್ಡಾಯ; ಕೇವಲ ಸರಕು ಮಾರುವವರಿಗೆ ಸಾಮಾನ್ಯವಾಗಿ 40 ಲಕ್ಷ. ಎರಡನ್ನೂ ಒಬ್ಬರದೇ ಪ್ಯಾನ್ ಸಂಖ್ಯೆಯಲ್ಲಿ ನಡೆಸಿದರೆ ವಹಿವಾಟು ಕೂಡಿ, 20 ಲಕ್ಷದ ಮಿತಿಯೇ ಅನ್ವಯವಾಗುತ್ತದೆ. ಇಬ್ಬರ ಉದ್ಯಮಗಳು ನಿಜವಾಗಿಯೂ ಅವರವರ ಹೆಸರಿನಲ್ಲೇ ಇದ್ದರೆ ಲೆಕ್ಕವೂ ಪ್ರತ್ಯೇಕ.

ಸಾಲ ಬೇಕಾದವರಿಗೆ 2015ರ ಏಪ್ರಿಲಿನಲ್ಲಿ ಆರಂಭವಾದ ಮುದ್ರಾ ಯೋಜನೆಯಿದೆ. ಅದರ 'ಶಿಶು' ವರ್ಗದಲ್ಲಿ 50,000 ರೂಪಾಯಿವರೆಗೆ, 'ಕಿಶೋರ' ವರ್ಗದಲ್ಲಿ 5 ಲಕ್ಷದವರೆಗೆ ಸಾಲ ದೊರೆಯುತ್ತದೆ. 2020ರ ಜುಲೈಯಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿಯನ್ನು ಅಂತರಜಾಲದಲ್ಲಿ ಶುಲ್ಕವಿಲ್ಲದೆ ಮಾಡಿಸಿಕೊಳ್ಳಬಹುದು. ಅದಕ್ಕಾಗಿ ದಲ್ಲಾಳಿಗಳಿಗೆ ಹಣ ತೆರಬೇಕಾಗಿಲ್ಲ. ಆದರೆ ಕಂತು ಲೆಕ್ಕ ಹಾಕುವಾಗ ಮದುವೆಗಳಿಲ್ಲದ ಆಷಾಢವನ್ನು ನೆನಪಿಡಿ. ಬರಿಗೈಯ ತಿಂಗಳಲ್ಲಿ ಕಟ್ಟಬಲ್ಲ ಕಂತು ಎಷ್ಟೋ ಅಷ್ಟೇ ಸಾಲ. ಮೊದಲ ಹತ್ತು ಸಮಾರಂಭಗಳಿಗೆ ಕ್ಯಾಮೆರಾವನ್ನು ಬಾಡಿಗೆಗೆ ತಂದು, ಕೆಲಸ ಕೈಹಿಡಿಯುತ್ತದೆಯೇ ಎಂದು ನೋಡಿ, ಬಳಿಕ ಕೊಳ್ಳುವುದು ಇನ್ನೂ ಉತ್ತಮ.

ಹೆಸರು ಯಾರದು?

ಹೆಸರಿನ ಪ್ರಶ್ನೆ ಮನೆಯ ಒಳಗೂ ಇದೆ, ಹೊರಗೂ ಇದೆ. ಹೊರಗಿನದನ್ನು ಮೊದಲು ಹೇಳುತ್ತೇನೆ. ತಾನು ತೆಗೆದ ಚಿತ್ರ ತನ್ನದೇ ಎಂದು ಹೆಚ್ಚಿನ ಛಾಯಾಗ್ರಾಹಕರು ನಂಬಿದ್ದಾರೆ. ಆದರೆ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯಂತೆ ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದವರೇ. ಮದುಮಕ್ಕಳ ಚಿತ್ರವನ್ನು ನಿಮ್ಮ ಜಾಹೀರಾತಿಗೋ, ಪತ್ನಿಯ ತಿಂಡಿಗಳ ಕರಪತ್ರಕ್ಕೋ ಬಳಸುವ ಮುನ್ನ ಅವರ ಲಿಖಿತ ಒಪ್ಪಿಗೆ ಬೇಕು. ಮುಂಗಡವೆಷ್ಟು, ಚಿತ್ರಗಳೆಷ್ಟು, ಆಲ್ಬಮ್ ಯಾವಾಗ, ಮೂಲ ಕಡತಗಳನ್ನು ಎಷ್ಟು ಕಾಲ ಕಾಪಿಡುತ್ತೀರಿ, ಹಕ್ಕು ಯಾರದು: ಈ ಐದು ಸಂಗತಿಗಳು ಒಂದು ಪುಟದ ಒಪ್ಪಂದದಲ್ಲಿ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಇರಲಿ. ಚಿತ್ರಗಳಿಗೆ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಕಳೆದುಹೋದ ಮುಹೂರ್ತದ ಚಿತ್ರವನ್ನು ಮತ್ತೆ ತೆಗೆಯಲಾಗದು.

ಮನೆಯೊಳಗಿನ ಹೆಸರು ಇನ್ನೂ ನಾಜೂಕಾದದ್ದು. ಪತ್ನಿಯ ತಿಂಡಿಗಳ ಚಿತ್ರ ಪತಿ ತೆಗೆದರೆ ಅದರಡಿ ಅವರ ಹೆಸರಿರಲಿ. ಪತ್ನಿ ಚಿತ್ರಗಳನ್ನು ಆರಿಸಿ, ಆಲ್ಬಮ್ಮಿನ ವಿನ್ಯಾಸ ಮಾಡಿದರೆ ಆ ಮೊದಲ ಪುಟದಲ್ಲಿ ಅವರ ಹೆಸರೂ ಅಚ್ಚಾಗಲಿ. ಆ ಕೆಲಸಕ್ಕೆ ಹೊರಗಿನವರಿಗೆ ಕೊಡಬಹುದಾಗಿದ್ದ ದರವನ್ನು ಲೆಕ್ಕದ ಪುಸ್ತಕದಲ್ಲಿ ನಮೂದಿಸಿ, ಅದು ಅವರ ದುಡಿಮೆಯೆಂದು ತಿಳಿದಿರಲಿ. ನಾಳೆ ಅವರು ಸ್ವತಂತ್ರವಾಗಿ ಕೆಲಸ ಹಿಡಿಯಬಯಸಿದರೆ ತೋರಿಸಲು ಸಾಕ್ಷ್ಯವಿರುತ್ತದೆ. ಸಂಸಾರಕ್ಕೆ ಆಪತ್ತು ಬಂದರೆ ಅದೇ ಆಧಾರವಾಗುತ್ತದೆ.

ಆರಂಭಿಸುವವರಿಗೆ

ದಾದರ್ ಇಂತಹ ವೃತ್ತಿಗೆ ಹೇಳಿಮಾಡಿಸಿದ ಸ್ಥಳ. ಪಶ್ಚಿಮ ಮತ್ತು ಮಧ್ಯ ರೈಲ್ವೆಗಳು ಇಲ್ಲಿ ಕೂಡುವುದರಿಂದ ಉಪನಗರಗಳ ಸಮಾರಂಭಗಳಿಗೆ ಹೋಗಿಬರುವುದು ಸುಲಭ. ಕ್ಯಾಮೆರಾ ಅಂಗಡಿಗಳ ಬೋರಾ ಬಜಾರ್ ಲೋಕಲ್ ರೈಲಿನ ದಾರಿಯಲ್ಲೇ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನಗಳಲ್ಲಿ ನಾಟಕ, ಯಕ್ಷಗಾನ, ಸಂಗೀತಗಳು ನಡೆಯುತ್ತಲೇ ಇರುತ್ತವೆ. ಸಂಘಟಕರ ಅನುಮತಿ ಪಡೆದು ಅಲ್ಲಿ ಅಭ್ಯಾಸ ಮಾಡಿದರೆ ಕೈ ಪಳಗುತ್ತದೆ, ಪರಿಚಯವೂ ಬೆಳೆಯುತ್ತದೆ. ಹಾಗೆಂದು ಉಚಿತ ಸೇವೆಗೂ ಒಂದು ಮಿತಿ ಹಾಕಿಕೊಳ್ಳಿ. ಸಮಾಜದವರು ಎಂಬ ಸಲುಗೆಯಲ್ಲಿ ಪುಕ್ಕಟೆಯಾಗಿ ಚಿತ್ರ ಕೇಳುವ ನಮ್ಮವರೂ ಛಾಯಾಗ್ರಾಹಕನ ಹಿಂದೆ ಒಂದು ಸಂಸಾರವಿದೆಯೆಂಬುದನ್ನು ಮರೆಯಬಾರದು.

ವರ್ಷದ ಕೊನೆಗೆ, ಮಾರ್ಚ್ ತಿಂಗಳಲ್ಲಿ, ದಂಪತಿಗಳಿಬ್ಬರೂ ಎರಡು ಲೆಕ್ಕದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಒಂದು ಸಂಜೆ ಕುಳಿತುಕೊಳ್ಳಲಿ. ಕ್ಯಾಮೆರಾ ತನ್ನ ಕಾಲ ಮೇಲೆ ತಾನು ನಿಂತಿದೆಯೇ, ಅಥವಾ ಚಕ್ಕುಲಿಯ ಬೆವರನ್ನು ಕುಡಿಯುತ್ತಿದೆಯೇ ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ಎರಡು ವರ್ಷ ಸತತವಾಗಿ ನಷ್ಟವಿದ್ದರೆ ಅದನ್ನು ಹವ್ಯಾಸವೆಂದು ಒಪ್ಪಿಕೊಂಡು ಸಂತೋಷದಿಂದ ಮುಂದುವರಿಸಬಹುದು, ಅದರಲ್ಲಿ ಅವಮಾನವೇನಿಲ್ಲ. ಲಾಭವಿದ್ದರೆ ಇನ್ನೊಂದು ಹೆಜ್ಜೆ ಇಡಬಹುದು. ಹೊಸದಾಗಿ ಈ ದಾರಿ ಹಿಡಿಯುತ್ತಿರುವ ನಮ್ಮ ಯುವ ದಂಪತಿಗಳು ಮೊದಲ ಬಿಲ್ಲು ಪುಸ್ತಕ ಅಚ್ಚು ಹಾಕಿಸುವಾಗಲೇ ಅದರ ಮೇಲೆ ಯಾರ ಹೆಸರಿರಬೇಕೆಂಬುದನ್ನು ಇಬ್ಬರೂ ಕೂಡಿ ತೀರ್ಮಾನಿಸಲಿ.